ಡಿವಿಡಿ ತಟ್ಟೆಯೊಳಗಿನ ಆಟ



ಕಳೆದ ಮಳೆಗಾಲದ ಒಂದು ಶನಿವಾರ ನಮ್ಮ ತರಗತಿಯ ಬಾಲಕನೊಬ್ಬನು, ಮನೆಯ ಅಟ್ಟದಲ್ಲಿ ಧೂಳು ಹಿಡಿದಿದ್ದ ಡಿವಿಡಿ ಪ್ಲೇಯರೊಂದನ್ನೂ ಅದರೊಡನೆ ರಸಪ್ರಶ್ನೆಯ ಆಟವಿದ್ದ ಒಂದು ತಟ್ಟೆಯನ್ನೂ ಶಾಲೆಗೆ ತಂದನು. ನಾವೆಲ್ಲರೂ ಟಿವಿಯ ಮುಂದೆ ಕುಳಿತು, ರಿಮೋಟನ್ನು ಕೈಯಿಂದ ಕೈಗೆ ದಾಟಿಸುತ್ತ ಆಡಿದೆವು. ಒಂದು ಗುಂಪು ಏಳು ಅಂಕ ಗಳಿಸಿ ಇನ್ನೇನು ಗೆಲ್ಲುವುದರಲ್ಲಿತ್ತು. ಅಷ್ಟರಲ್ಲಿ ಯಾರದೋ ಕಾಲು ತಗುಲಿ ವಿದ್ಯುತ್ ತಂತಿ ಕಳಚಿತು. ಮರಳಿ ಹಚ್ಚಿದಾಗ ಯಂತ್ರವು ಮೊದಲಿನಿಂದ ಆರಂಭಿಸಿತು. "ಸರ್, ಅದು ನಮ್ಮ ಅಂಕಗಳನ್ನು ಮರೆತುಬಿಟ್ಟಿತೇ?" ಎಂದು ಬಾಲಕಿಯೊಬ್ಬಳು ಕೇಳಿದಳು. ಹೌದು, ಮರೆತಿತ್ತು. ಏಕೆ ಮರೆಯಿತೆಂಬುದನ್ನು ಈಗ ವಿಚಾರಿಸೋಣ.

1996ರಲ್ಲಿ ಜಪಾನಿನಲ್ಲಿ ಮೊದಲು ಮಾರಾಟಕ್ಕೆ ಬಂದ ಡಿವಿಡಿ ಪ್ಲೇಯರು ಆಟಕ್ಕಾಗಿ ಹುಟ್ಟಿದುದಲ್ಲ. ಮನೆಯಲ್ಲಿ ಚಲನಚಿತ್ರ ನೋಡಲೆಂದು ಹುಟ್ಟಿದುದು. ಆದರೆ ದೃಶ್ಯ, ಭಾಷೆ ಮುಂತಾದವುಗಳನ್ನು ನೋಡುವವರೇ ಆರಿಸಿಕೊಳ್ಳಲೆಂದು ಪರದೆಯ ಮೇಲೆ ಗುಂಡಿಗಳನ್ನು ತೋರಿಸುವ ಏರ್ಪಾಡು ಅದರಲ್ಲಿತ್ತು. ಪ್ರತಿ ಗುಂಡಿಯ ಹಿಂದೆಯೂ ಚಿಕ್ಕದೊಂದು ಆಜ್ಞೆಯನ್ನು ಇರಿಸಬಹುದು: "ಇಂಥ ದೃಶ್ಯಕ್ಕೆ ಹೋಗು", "ಈ ಸಂಖ್ಯೆಗೆ ಒಂದನ್ನು ಕೂಡಿಸು", "ಸಂಖ್ಯೆ ಎಂಟನ್ನು ಮೀರಿದರೆ ಆ ಕಡೆ ತಿರುಗು". ಇಷ್ಟೇ ಸಾಧನಗಳಿಂದ ಜಾಣರು ಆಟವನ್ನು ಕಟ್ಟಿದರು. ಸರಿಯುತ್ತರದ ಗುಂಡಿಯನ್ನು ಒತ್ತಿದರೆ ಅಂಕ ಏರುತ್ತದೆ. ಕೊನೆಯಲ್ಲಿ ಅಂಕವನ್ನು ನೋಡಿ ಯಂತ್ರವು ಮೆಚ್ಚುಗೆಯ ದೃಶ್ಯವನ್ನೋ ಸೋಲಿನ ದೃಶ್ಯವನ್ನೋ ತೋರಿಸುತ್ತದೆ.

ಅಂಕವನ್ನು ಇಟ್ಟುಕೊಳ್ಳಲು ಯಂತ್ರಕ್ಕೆ ಇರುವುದು ಕೇವಲ 16 ಗೂಡುಗಳು. ಒಂದೊಂದರಲ್ಲಿಯೂ 0ಯಿಂದ 65,535ರ ವರೆಗಿನ ಒಂದು ಸಂಖ್ಯೆ ಮಾತ್ರ ಹಿಡಿಯುತ್ತದೆ. ಎಲ್ಲವೂ ಸೇರಿ 32 ಬೈಟು. ಇಂದಿನ ಯುಟಿಎಫ್-8 ಪದ್ಧತಿಯಲ್ಲಿ 'ಕರ್ನಾಟಕ' ಎಂಬ ಒಂದು ಪದವನ್ನು ಬರೆದಿಡಲು 21 ಬೈಟು ಬೇಕು. ಅಂದರೆ ನಮ್ಮ ನಾಡಿನ ಹೆಸರನ್ನು ಎರಡು ಸಲ ಬರೆಯಲು ಕೂಡ ಅಲ್ಲಿ ಸ್ಥಳವಿಲ್ಲ! ತಟ್ಟೆಯಲ್ಲಿ 470 ಕೋಟಿ ಬೈಟುಗಳಷ್ಟು ಚಿತ್ರವಿದ್ದರೂ ಅದು ಓದಲಿಕ್ಕೆ ಮಾತ್ರ. ಅದರ ಮೇಲೆ ಪ್ಲೇಯರು ಏನನ್ನೂ ಬರೆಯಲಾರದು. ಆದುದರಿಂದ ವಿದ್ಯುತ್ತು ಹೋದೊಡನೆ ಗೂಡುಗಳು ಬರಿದಾದವು, ಅಂಕಗಳು ಅಳಿದವು.

ಈ ಬಗೆಯ ಆಟದ ಮೂಲವನ್ನು ಅರಸಿದರೆ 1983ರ ಅಮೆರಿಕಕ್ಕೆ ಹೋಗಬೇಕಾಗುತ್ತದೆ. ಆ ವರ್ಷ ಆಟದಂಗಡಿಗಳಲ್ಲಿ 'ಡ್ರ್ಯಾಗನ್ಸ್ ಲೇರ್' ಎಂಬ ಯಂತ್ರ ಬಂದಿತು. ಡಾನ್ ಬ್ಲೂತ್ ಎಂಬ ಕಲಾವಿದರೂ ಅವರ ಸಂಗಡಿಗರೂ ಕೈಯಿಂದ ಬರೆದ ಚಿತ್ರಗಳು ಲೇಸರ್ ತಟ್ಟೆಯಲ್ಲಿ ಅಡಗಿದ್ದವು. ಡರ್ಕ್ ಎಂಬ ವೀರನು ರಾಜಕುಮಾರಿಯನ್ನು ಬಿಡಿಸಲು ಕೋಟೆಯನ್ನು ಹೊಗುತ್ತಾನೆ. ತಕ್ಕ ಕ್ಷಣದಲ್ಲಿ ತಕ್ಕ ದಿಕ್ಕಿಗೆ ಹಿಡಿಯನ್ನು ದೂಡಿದರೆ ಅವನು ಪಾರಾಗುತ್ತಾನೆ, ತಪ್ಪಿದರೆ ಸಾಯುತ್ತಾನೆ. ಮುಂದೆ ಇದೇ ಆಟವು ಡಿವಿಡಿಗೆ ಬಂದಾಗ ರಿಮೋಟಿನ ಬಾಣದ ಗುಂಡಿಗಳೇ ಆ ಹಿಡಿಯ ಕೆಲಸ ಮಾಡಿದವು. 2002ರಲ್ಲಿ ಬಂದ 'ಸೀನ್ ಇಟ್' ಎಂಬ ಆಟವು ಚಲನಚಿತ್ರದ ತುಣುಕುಗಳನ್ನು ತೋರಿಸಿ ಪ್ರಶ್ನೆ ಕೇಳುತ್ತಿತ್ತು. ದಾಳವೂ ಹಾಸೂ ಜೊತೆಗಿದ್ದುದರಿಂದ ಮನೆಮಂದಿಯೆಲ್ಲ ಸುತ್ತ ಕುಳಿತು ಆಡಬಹುದಾಗಿತ್ತು.

ಇಲ್ಲೊಂದು ಲೆಕ್ಕವನ್ನು ಗಮನಿಸಿರಿ. ಕಥೆಯ ಪ್ರತಿ ಹಂತದಲ್ಲಿಯೂ ಮೂರು ದಾರಿಗಳಿದ್ದು, ಒಂದೊಂದು ದಾರಿಯೂ ಬೇರೆಯಾಗಿಯೇ ಮುಂದುವರಿದರೆ, ಐದನೆಯ ಹಂತವೊಂದಕ್ಕೇ 243 ದೃಶ್ಯಗಳು ಬೇಕಾಗುತ್ತವೆ. ಅಷ್ಟನ್ನೂ ಚಿತ್ರಿಸುವವರಾರು? ಆದುದರಿಂದಲೇ ಆಟ ಕಟ್ಟುವವರು ಕವಲೊಡೆದ ದಾರಿಗಳನ್ನು ಮತ್ತೆ ಒಂದೇ ಹೆದ್ದಾರಿಗೆ ತಂದು ಕೂಡಿಸುತ್ತಾರೆ. ನಾವೇ ದಾರಿಯನ್ನು ಆರಿಸಿದೆವೆಂದು ಹಿಗ್ಗುತ್ತೇವೆ. ಆದರೆ ಇನ್ನೊಬ್ಬರು ಮೊದಲೇ ಯೋಚಿಸಿ ಹಾಕಿಟ್ಟ ದಾರಿಯ ಹೊರಗೆ ಒಂದು ಹೆಜ್ಜೆಯನ್ನೂ ಇಟ್ಟಿರುವುದಿಲ್ಲ. ಇಂದು ನಿಮ್ಮ ಕೈಯಲ್ಲಿರುವ ಮೊಬೈಲಿನಲ್ಲಿ ದಾರಿಗಳು ಅದೆಷ್ಟೋ ಪಾಲು ಹೆಚ್ಚಿರಬಹುದು. ಅವನ್ನು ಹಾಕಿದವರು ಮಾತ್ರ ಬೇರೆ ಯಾರೋ ಆಗಿರುತ್ತಾರೆ.

ಹಾಗೆಂದು ಆಟವನ್ನು ಬಿಡಿರೆಂದು ನಾವು ಹೇಳುವುದಿಲ್ಲ. ಮರುವಾರ ನಮ್ಮ ತರಗತಿಯಲ್ಲಿ ಮಾಡಿದುದನ್ನಷ್ಟೇ ತಿಳಿಸುತ್ತೇವೆ. ಕಪ್ಪು ಹಲಗೆಯ ಮೇಲೆ 16 ಗೂಡುಗಳನ್ನು ಬರೆದು, ರೈಲು ತಪ್ಪಿಸಿಕೊಂಡು ಊರಿಗೆ ಹೊರಟ ಹುಡುಗನೊಬ್ಬನ ಕಥೆಯನ್ನು ಮಕ್ಕಳೇ ಕವಲು ಕವಲಾಗಿ ಕಟ್ಟಿದರು. ಅಂಕ ಮರೆತುದೇಕೆಂದು ಕೇಳಿದ ಬಾಲಕಿಯೇ ಗೂಡುಗಳ ಲೆಕ್ಕವನ್ನು ಹಿಡಿದಳು. ಪಾಠ ಮುಗಿದಾಗ ಆರು ಗೂಡುಗಳು ಇನ್ನೂ ಬರಿದಾಗಿಯೇ ಉಳಿದಿದ್ದವು. ಸಾಧನ ಸ್ವಲ್ಪವೆಂದು ಕೈಕಟ್ಟಿ ಕುಳಿತುಕೊಳ್ಳಬೇಕಾಗಿಲ್ಲವೆಂಬುದನ್ನು ಆ ದಿನ ಮಕ್ಕಳಿಂದ ನಾವು ಕಲಿತೆವು. ನೀವೂ ಒಂದು ಕಾಗದ, ಒಂದು ಪೆನ್ಸಿಲು ತೆಗೆದುಕೊಂಡು ನಿಮ್ಮದೇ ಒಂದು ಆಟವನ್ನು ಕಟ್ಟಿ ನೋಡಿರಿ.