ಕ್ರೇನ್ ಇಲ್ಲದೆ ಎದ್ದು ನಿಂತ ಮಂಗಳದ ಮನೆ

ಮಂಗಳ ಗ್ರಹ ಅಂದ ಕೂಡಲೇ ನಮಗೆ ನೆನಪಾಗೋದು ನಾಸಾ, ಇಲ್ಲಾಂದ್ರೆ 2014ರ ಸೆಪ್ಟೆಂಬರ್‌ನಲ್ಲಿ ಮಂಗಳಯಾನ ಕಕ್ಷೆ ಸೇರಿದ ದಿನ. ಸರ್ಕಾರದ ದುಡ್ಡು, ಸರ್ಕಾರದ ರಾಕೆಟ್. ಆದ್ರೆ ಈ ಕೆಲಸದಲ್ಲಿ ಇನ್ನೊಂದು ಗುಂಪಿನವರೂ ಇದ್ದಾರೆ. ಸಂಬಳ ಇಲ್ಲ, ಎಷ್ಟೋ ಸಲ ಕೈಯಿಂದಲೇ ದುಡ್ಡು ಹಾಕಬೇಕು, ಆದರೂ ಮಂಗಳಕ್ಕಾಗಿ ಓಡಾಡುವ ಸ್ವಯಂಸೇವಕರು.

ಇದು ಹೊಸದೇನಲ್ಲ. 1976ರ ಜುಲೈ 20ರಂದು ಮಂಗಳದಲ್ಲಿ ಇಳಿದ ವೈಕಿಂಗ್ 1 ನೌಕೆಯನ್ನು ವಿನ್ಯಾಸ ಮಾಡಿದ್ದು 90 ದಿನಕ್ಕೆ. ಅದು ವರ್ಷಗಟ್ಟಲೆ ಕೆಲಸ ಮಾಡ್ತಾನೇ ಇತ್ತು. ಆದರೆ ಅದು ಕಳಿಸಿದ್ದನ್ನು ಇಲ್ಲಿ ಕೂತು ಕೇಳೋಕೆ ಬಜೆಟ್ ಬೇಕಲ್ಲ? ಆಗ ಅಮೆರಿಕದ ಕೆಲವು ಉತ್ಸಾಹಿಗಳು ವೈಕಿಂಗ್ ಫಂಡ್ ಅಂತ ಶುರು ಮಾಡಿ, ಜನರಿಂದ ಚಂದಾ ಎತ್ತಿ, 1981ರ ಜನವರಿಯಲ್ಲಿ ನಾಸಾಗೆ 60,000 ಡಾಲರ್ ಚೆಕ್ ಕೊಟ್ಟರು. ಹಾಸ್ಟೆಲ್ ಗಣೇಶನಿಗೆ ಚಂದಾ ಎತ್ತಿದವರಿಗೆ ಇದರ ಕಷ್ಟ ಗೊತ್ತು. ನೌಕೆ 1982ರ ನವೆಂಬರ್‌ವರೆಗೂ ನಡೆಯಿತು. ಕೊನೆಗೆ ಸಂಪರ್ಕ ಕಡಿದದ್ದು ದುಡ್ಡಿಲ್ಲದೆ ಅಲ್ಲ, ಭೂಮಿಯಿಂದ ಹೋದ ಒಂದು ತಪ್ಪು ಕಮಾಂಡ್‌ನಿಂದ. (ಟೆಸ್ಟ್ ಮಾಡದೆ ಕೋಡ್ ಸಬ್ಮಿಟ್ ಮಾಡೋರು ಗಮನಿಸಿ.)

ಆಮೇಲೆ 1998ರ ಆಗಸ್ಟ್‌ನಲ್ಲಿ, ಕೊಲೊರಾಡೋದ ಬೌಲ್ಡರ್ ಊರಿನಲ್ಲಿ, ಎಂಜಿನಿಯರ್ ರಾಬರ್ಟ್ ಜುಬ್ರಿನ್ ಮತ್ತು ಗೆಳೆಯರು ಮಾರ್ಸ್ ಸೊಸೈಟಿ ಕಟ್ಟಿದರು. ಭಾಷಣ, ಮನವಿಪತ್ರ ಎಲ್ಲಾ ಇತ್ತು. ಅಷ್ಟಕ್ಕೇ ನಿಲ್ಲದೆ, ಮಂಗಳದಲ್ಲಿ ಬೇಕಾಗುವಂಥ ಒಂದು ಮನೆಯನ್ನು ಭೂಮಿಯಲ್ಲೇ ಕಟ್ಟಿ, ಒಳಗೆ ವಾಸ ಮಾಡಿ ನೋಡೋಣ ಅಂತ ಹೊರಟರು. ಯಾಕೆ ಅಂದ್ರೆ, ದಪ್ಪ ಗ್ಲೌಸ್ ಹಾಕ್ಕೊಂಡು ಬೋಲ್ಟ್ ತಿರುಗಿಸೋಕೆ ಎಷ್ಟು ಹೊತ್ತು ಬೇಕು, ಆರೇಳು ಜನರಿಗೆ ದಿನಕ್ಕೆ ಎಷ್ಟು ನೀರು ಸಾಕು, ಯಾರ ಗೊರಕೆ ಯಾರಿಗೆ ತಡೆಯೋಕಾಗಲ್ಲ ಅನ್ನೋದು ಯಾವ ಡ್ರಾಯಿಂಗ್ ಶೀಟಿನಲ್ಲೂ ಸಿಗೋದಿಲ್ಲ.

ಜಾಗ ಆರಿಸಿದ್ದು ಕೆನಡಾದ ಉತ್ತರ ತುದಿಯ ಡೆವನ್ ದ್ವೀಪ. ಅಲ್ಲಿ ಜನವಸತಿ ಇಲ್ಲ. ಉಲ್ಕೆ ಬಡಿದು ಆದ ಸುಮಾರು 20 ಕಿ.ಮೀ. ಅಗಲದ ಹಾಟನ್ ಕುಳಿ ಇದೆ, ಸುತ್ತ ಬರೀ ಕಲ್ಲು, ಚಳಿ. 2000ದ ಜುಲೈನಲ್ಲಿ ಅಮೆರಿಕದ ಮರೀನ್ ಪಡೆಯ ವಿಮಾನಗಳು ಮನೆಯ ಭಾಗಗಳನ್ನು ಪ್ಯಾರಾಚೂಟ್ ಕಟ್ಟಿ ಕೆಳಗೆ ಬಿಟ್ಟವು. ಒಂದು ಸಲ ಪ್ಯಾರಾಚೂಟೇ ಕಳಚಿಕೊಂಡಿತು. ನೆಲಹಾಸಿನ ಫೈಬರ್‌ಗ್ಲಾಸ್ ಭಾಗಗಳು, ಟ್ರೈಲರ್, ಎಲ್ಲಕ್ಕಿಂತ ಮುಖ್ಯವಾಗಿ ಕ್ರೇನ್, ಎಲ್ಲವೂ ಪುಡಿಪುಡಿ. ಕ್ರೇನ್ ಇಲ್ಲದೆ ಎರಡಂತಸ್ತಿನ ಮನೆ ಎಬ್ಬಿಸೋದು ಹೇಗೆ? ದುಡ್ಡು ಕೊಟ್ಟು ಕರೆಸಿದ್ದ ಕೆಲಸಗಾರರು ವಾಪಸ್ ಹೊರಟರು. ಎರಡು ವರ್ಷದ ಕೂಸಾಗಿದ್ದ ಸಂಘ ಅಲ್ಲೇ ಮುಗಿದುಹೋಗಬಹುದಿತ್ತು. ಉಳಿದ ಸ್ವಯಂಸೇವಕರು ಸ್ಥಳೀಯ ಇನ್ಯೂಟ್ ಜನರ ನೆರವು ಪಡೆದು, ಮರದ ನೆಲ ಹಾಕಿ, ಗೋಡೆಗಳನ್ನು ಕೈಯಾರೆ ಎತ್ತಿ ನಿಲ್ಲಿಸಿದರು. ಜುಲೈ ಮುಗಿಯೋದರೊಳಗೆ ಸುಮಾರು 8 ಮೀಟರ್ ಅಗಲದ ಉರುಳೆಯಾಕಾರದ ಮನೆ ಎದ್ದಿತ್ತು.

‘ಇದು ದೊಡ್ಡವರ ಮನೆಯಾಟ ಅಲ್ವಾ?’ ಅಂತ ನಮ್ಮಲ್ಲೂ ಒಬ್ಬರು ಕೇಳಿದರು. ಪ್ರಶ್ನೆ ಸರಿಯಾಗಿದೆ. ಮಂಗಳದ ಗುರುತ್ವ ನಮ್ಮದರ ಶೇ. 38 ಮಾತ್ರ, ಗಾಳಿಯ ಒತ್ತಡ ಶೇ. 1ಕ್ಕಿಂತ ಕಡಿಮೆ. ಅದನ್ನೆಲ್ಲ ಡೆವನ್‌ನಲ್ಲಿ ತರೋಕಾಗಲ್ಲ. ಮನುಷ್ಯರ ವಿಷಯ ಬೇರೆ. 2007ರಲ್ಲಿ ಏಳು ಜನ ಅಲ್ಲಿ ನಾಲ್ಕು ತಿಂಗಳಿದ್ದು, ಕೆಲವು ವಾರ ಮಂಗಳದ ಗಡಿಯಾರದಂತೆ ಬದುಕಿದರು. ಅಲ್ಲಿನ ದಿನ 24 ಗಂಟೆ 39 ನಿಮಿಷ. ಲೆಕ್ಕ ಹಾಕಿ ನೋಡಿ, ಸುಮಾರು 18 ದಿನಕ್ಕೆ ನಡುರಾತ್ರಿ ಮಲಗೋರು ನಡುಮಧ್ಯಾಹ್ನ ಮಲಗ್ತಾರೆ. ಇದನ್ನು ತಿಳಿಯೋಕೆ ರಾಕೆಟ್ ಬೇಕಿಲ್ಲ. ಇನ್ನು ‘ಹತ್ತೇ ವರ್ಷದಲ್ಲಿ ಮಂಗಳಕ್ಕೆ ಮನುಷ್ಯ’ ಅನ್ನೋ ಇಂಥ ಉತ್ಸಾಹಿಗಳ ಮಾತನ್ನು ನಾವು ಅಷ್ಟಾಗಿ ನಂಬಲ್ಲ. ತೊಂಬತ್ತರ ದಶಕದಿಂದಲೂ ಆ ಹತ್ತು ವರ್ಷ ಮುಗಿದಿಲ್ಲ.

ನಮಗೆ ಹತ್ತಿರದ ವಿಷಯ ಅಂದ್ರೆ ಇದೇ ಸಂಘ 2007ರಿಂದ ನಡೆಸುವ ಯೂನಿವರ್ಸಿಟಿ ರೋವರ್ ಚಾಲೆಂಜ್. ಯೂಟಾ ಮರುಭೂಮಿಯ ಹ್ಯಾಂಕ್ಸ್‌ವಿಲ್ ಹತ್ತಿರ ಸಂಘದ ಇನ್ನೊಂದು ಮಂಗಳದ ಮನೆ ಇದೆ, ಸ್ಪರ್ಧೆಯೂ ಅಲ್ಲೇ. ಮಣಿಪಾಲದ ವಿದ್ಯಾರ್ಥಿಗಳ ತಂಡವೂ ಅಲ್ಲಿಗೆ ಹೋಗಿ ಸ್ಪರ್ಧಿಸಿದೆ. ರೋವರ್ 50 ಕೆ.ಜಿ. ಮೀರಬಾರದು. ಓಡಿಸುವವರಿಗೆ ಅದು ಕಣ್ಣಿಗೆ ಕಾಣೋದಿಲ್ಲ, ಕ್ಯಾಮೆರಾ ತೋರಿಸಿದಷ್ಟೇ ಕಾಣೋದು. ಗುಡ್ಡದ ಹಿಂದೆ ಸಿಗ್ನಲ್ ಹೋದ್ರೆ ಓಡಿಹೋಗಿ ಎತ್ತಿ ತರಬಹುದು, ಆದರೆ ಅಂಕ ಕಳೀತಾರೆ. ಮಂಗಳದಲ್ಲಾದ್ರೆ ಆ ಅವಕಾಶವೂ ಇಲ್ಲ.