ಬ್ರೇಕು ಒತ್ತಿದಾಗ ಕಾರು ನಡುಗುವುದೇಕೆ?

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನು ಕಾಲೇಜು ಸಂಚಿಕೆಗೆ ಕಾರಿನ ಬ್ರೇಕನ್ನು ಕುರಿತು ಬರೆಯಹೊರಟರೆ ಮಿತ್ರರು ನಗುವುದು ಸಹಜ. ಆದರೆ ನನ್ನ ಶುಲ್ಕವೂ ಪುಸ್ತಕವೂ ಬಂದಿರುವುದು ನಮ್ಮ ತಂದೆಯವರ ಬಾಡಿಗೆ ಕಾರಿನಿಂದ. ಒಂದು ದಿನ ಹೆದ್ದಾರಿಯಲ್ಲಿ ಹಸುವೊಂದು ಅಡ್ಡ ಬಂದಾಗ ಅವರು ಜೋರಾಗಿ ಬ್ರೇಕು ಒತ್ತಿದರು. ಸ್ಟಿಯರಿಂಗ್ ಅವರ ಕೈಯಲ್ಲಿ ಗಡಗಡನೆ ನಡುಗಿತು. ಹಸು ಉಳಿಯಿತು, ಹಿಂದೆ ಕುಳಿತಿದ್ದವರೂ ಉಳಿದರು. ಆದರೆ ಅಂದಿನಿಂದ ಬ್ರೇಕು ಒತ್ತಿದಾಗಲೆಲ್ಲ ಅದೇ ನಡುಕ. ಗ್ಯಾರೇಜಿನಲ್ಲಿ “ಡಿಸ್ಕ್ ಬೆಂಡಾಗಿದೆ” ಎಂದು ಮುಂದಿನ ಎರಡನ್ನೂ ಬದಲಾಯಿಸಿದರು. ಕೆಲವು ತಿಂಗಳು ಸುಖವಾಗಿ ಓಡಿದ ಕಾರು ಮತ್ತೆ ನಡುಗತೊಡಗಿತು. ಸಾಲ ಮಾಡಿ ಎರಡನೆಯ ಸಲ ಡಿಸ್ಕು ಹಾಕಿಸಿದ ಮೇಲೂ ಅದೇ ಕಥೆ. ಒಂದೇ ಔಷಧಿಗೆ ಎರಡು ಸಲ ಗುಣವಾಗದಿದ್ದರೆ ರೋಗ ಬೇರೆಡೆ ಇರಬೇಕಲ್ಲವೆ? ಅದನ್ನು ಹುಡುಕುತ್ತ ನಾನು ತಿಳಿದುಕೊಂಡುದನ್ನು ಇಲ್ಲಿ ನಿವೇದಿಸುತ್ತೇನೆ.

ಮೊದಲು ಬ್ರೇಕಿನ ಕೆಲಸವೇನೆಂದು ನೋಡೋಣ. ಚಕ್ರದೊಡನೆ ತಿರುಗುವ ಎರಕದ ಕಬ್ಬಿಣದ ತಟ್ಟೆಯೇ ಡಿಸ್ಕು. ಕ್ಯಾಲಿಪರ್ ಎಂಬ ಹಿಡಿ ಎರಡು ಪ್ಯಾಡುಗಳಿಂದ ಅದನ್ನು ಇಕ್ಕಳದಂತೆ ಅದುಮುತ್ತದೆ. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲಿಯೇ ಇದಕ್ಕೆ ಪೇಟೆಂಟು ಪಡೆದಿದ್ದನು. ಬ್ರೇಕು ವೇಗವನ್ನು ಶಾಖವಾಗಿ ಮಾರ್ಪಡಿಸುವ ಯಂತ್ರ. 1000 ಕಿಲೋ ತೂಕದ ಕಾರು ಗಂಟೆಗೆ 72 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುವಾಗ ಅದರಲ್ಲಿರುವ ಚಲನಶಕ್ತಿ 2 ಲಕ್ಷ ಜೌಲ್. ಅರ್ಧ ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಅದು ಸಾಕು. ಇಷ್ಟನ್ನೂ ಕೆಲವೇ ಕ್ಷಣಗಳಲ್ಲಿ ಬ್ರೇಕುಗಳು ನುಂಗಬೇಕು. ನಿಲ್ಲುವಾಗ ಭಾರವೆಲ್ಲ ಮುಂದಕ್ಕೆ ವಾಲುವುದರಿಂದ ಮುಂದಿನ ಬ್ರೇಕುಗಳದೇ ಹೆಚ್ಚಿನ ದುಡಿಮೆ. ಆದುದರಿಂದಲೇ ದೋಷವೂ ಅಲ್ಲಿಯೇ ಮೊದಲು ಮೈದೋರುತ್ತದೆ.

ಇನ್ನು ರೋಗಪರೀಕ್ಷೆ. ಜಾನ್ ಸ್ಟುವರ್ಟ್ ಮಿಲ್ 1843ರಲ್ಲಿ ಪ್ರಕಟಿಸಿದ ತನ್ನ ತರ್ಕಶಾಸ್ತ್ರ ಗ್ರಂಥದಲ್ಲಿ ಕಾರಣವನ್ನು ಹುಡುಕುವ ಕೆಲವು ವಿಧಾನಗಳನ್ನು ಹೇಳಿದ್ದಾನೆ. ಅವುಗಳಲ್ಲಿ ಎರಡು ಇಲ್ಲಿ ನೇರವಾಗಿ ಸಲ್ಲುತ್ತವೆ.

ಮೊದಲನೆಯದು ವ್ಯತಿರೇಕ ವಿಧಾನ: ಉಳಿದುದೆಲ್ಲ ಒಂದೇ ಇರುವಾಗ ಒಂದನ್ನು ಮಾತ್ರ ತೆಗೆದು ನೋಡುವುದು. ಅದೇ ರಸ್ತೆ, ಅದೇ ವೇಗ. ಬ್ರೇಕು ಮಾತ್ರ ಒತ್ತದಿರಿ. ಆಗಲೂ ನಡುಕವಿದ್ದರೆ ಡಿಸ್ಕನ್ನು ದೂರುವ ಮುನ್ನ ಚಕ್ರದ ಬ್ಯಾಲೆನ್ಸ್, ಸೊಟ್ಟಗಾದ ರಿಮ್ಮು, ಉಬ್ಬಿದ ಟೈರು ಇವುಗಳನ್ನು ನೋಡಬೇಕು. ಒತ್ತಿದಾಗ ಮಾತ್ರ ನಡುಕವಾದರೆ ಬ್ರೇಕಿನ ಕಡೆಗೆ ಬೆರಳು ತೋರಿಸಬಹುದು. ಆ ನಡುಕ ಸ್ಟಿಯರಿಂಗಿನಲ್ಲಿದ್ದರೆ ಸಾಮಾನ್ಯವಾಗಿ ಮುಂದಿನ ಚಕ್ರಗಳು. ಆಸನದಲ್ಲಿ ಮಾತ್ರವಿದ್ದರೆ ಹಿಂದಿನವು.

ಎರಡನೆಯದು ಸಹಪರಿವರ್ತನ ವಿಧಾನ: ಒಂದು ಬದಲಾದಂತೆ ಮತ್ತೊಂದೂ ಬದಲಾಗುವುದೇ ಎಂದು ನೋಡುವುದು. ಸಣ್ಣ ಕಾರಿನ ಚಕ್ರದ ಸುತ್ತಳತೆ ಸುಮಾರು 1.8 ಮೀಟರ್. 72 ಕಿಲೋಮೀಟರ್ ವೇಗದಲ್ಲಿ ಅದು ಸೆಕೆಂಡಿಗೆ ಸುಮಾರು 11 ಸುತ್ತು ತಿರುಗುತ್ತದೆ. ಡಿಸ್ಕಿನ ಒಂದು ಕಡೆ ದಪ್ಪವಾಗಿದ್ದರೆ ಪ್ರತಿ ಸುತ್ತಿಗೂ ಒಂದು ತಳ್ಳು. ಕಾರು ನಿಧಾನವಾದಂತೆ ತಳ್ಳುಗಳೂ ವಿರಳವಾದರೆ, ತಪ್ಪಿತಸ್ಥ ತಿರುಗುವ ಭಾಗವೇ ಎಂದು ತಿಳಿಯಬೇಕು.

ಬೇರೆ ಲಕ್ಷಣಗಳೂ ಉಂಟು. ಬ್ರೇಕು ಒತ್ತಿದೊಡನೆ ‘ಟಕ್’ ಎಂಬ ಒಂದೇ ಸದ್ದು ಬಂದರೆ ಲೋಯರ್ ಆರ್ಮ್ ಬುಷ್ ಅಥವಾ ಬಾಲ್ ಜಾಯಿಂಟ್ ಸವೆದಿರಬಹುದು. ಇವು ಸಡಿಲವಾಗಿದ್ದರೆ ಅಲ್ಪ ನಡುಕವೂ ದೊಡ್ಡದಾಗಿ ತೋರುತ್ತದೆ. ಕಾರು ಒಂದೇ ಪಕ್ಕಕ್ಕೆ ಎಳೆಯುತ್ತಿದ್ದು, ಓಡಿಸಿದ ಮೇಲೆ ಒಂದು ಚಕ್ರ ಮಾತ್ರ ವಿಪರೀತ ಬಿಸಿಯಾಗಿದ್ದರೆ ಕ್ಯಾಲಿಪರ್ ಹಿಡಿದುಕೊಂಡಿದೆ ಎಂದು ಶಂಕಿಸಬೇಕು. ಡಿಸ್ಕನ್ನು ಮಾತ್ರ ಕೈಯಿಂದ ಮುಟ್ಟಬಾರದು. ಒದ್ದೆ ರಸ್ತೆಯಲ್ಲಿಯೋ ಜಲ್ಲಿಯ ಮೇಲೋ ಜೋರಾಗಿ ಒತ್ತಿದಾಗ ಪೆಡಲು ಪಟಪಟನೆ ಕಾಲಿಗೆ ಒದೆದರೆ ಅದು ದೋಷವಲ್ಲ. ಚಕ್ರ ಜಾರದಂತೆ ಕಾಯುವ ಎ.ಬಿ.ಎಸ್. ಕೆಲಸ ಮಾಡುತ್ತಿದೆ ಎಂದರ್ಥ. ಆಗ ಹೆದರಿ ಕಾಲು ತೆಗೆಯುವುದೇ ಅಪಾಯ.

ಈಗ ನಮ್ಮ ಕಾರಿನ ವಿಷಯಕ್ಕೆ ಬರೋಣ. ಎಲ್ಲ ಲಕ್ಷಣಗಳೂ ಮುಂದಿನ ಡಿಸ್ಕಿನ ಕಡೆಗೇ ಇದ್ದವು. ಹಾಗಾದರೆ ಗ್ಯಾರೇಜಿನವರು ಹೇಳಿದ್ದು ಸುಳ್ಳೆ? ಪೂರ್ತಿ ಸುಳ್ಳಲ್ಲ, ಅರ್ಧ ಸತ್ಯ. ಡಿಸ್ಕು ಕೆಟ್ಟಿತ್ತು ನಿಜ, ಆದರೆ ತಾನಾಗಿ ಕೆಟ್ಟಿರಲಿಲ್ಲ. ಡಿಸ್ಕನ್ನು ಕೂರಿಸುವ ಹಬ್ಬಿನ ಮುಖದಲ್ಲಿ ತುಕ್ಕು ಕಟ್ಟಿತ್ತು. ಅದನ್ನು ಉಜ್ಜದೆ ಹೊಸ ಡಿಸ್ಕು ಕೂರಿಸಿದ್ದರು. ನಡುವಿನಲ್ಲಿ ಸಿಕ್ಕಿದ ಚಿಟಿಕೆ ತುಕ್ಕು ಅಂಚಿನಲ್ಲಿ ಹೆಚ್ಚಿನ ಓರೆಯಾಗುತ್ತದೆ. ಹೀಗೆ ಓರೆಯಾಗಿ ತಿರುಗುವ ಡಿಸ್ಕು, ಬ್ರೇಕು ಒತ್ತದಿರುವಾಗಲೂ ಪ್ರತಿ ಸುತ್ತಿಗೆ ಒಮ್ಮೆ ಪ್ಯಾಡನ್ನು ಸವರಿಕೊಂಡು ಹೋಗುತ್ತದೆ. ಸಾವಿರಾರು ಕಿಲೋಮೀಟರ್ ಹೀಗೆ ಸವೆದು ಒಂದು ಕಡೆ ತೆಳು, ಮತ್ತೊಂದು ಕಡೆ ದಪ್ಪ. ಈ ವ್ಯತ್ಯಾಸ ಒಂದು ಮಿಲಿಮೀಟರಿನ ನೂರರಲ್ಲಿ ಎರಡು ಭಾಗದಷ್ಟಿದ್ದರೂ ನಡುಕ ಹುಟ್ಟಬಹುದು. ಅದು ತಲೆಗೂದಲಿಗಿಂತ ತೆಳು! ಕಣ್ಣಿಗೆ ಕಾಣದು, ಓರೆಯನ್ನು ಡಯಲ್ ಗೇಜಿನಿಂದ, ದಪ್ಪವನ್ನು ಮೈಕ್ರೋಮೀಟರಿನಿಂದ ಅಳೆಯಬೇಕು. ಚಕ್ರದ ನಟ್ಟುಗಳನ್ನು ಒಂದೊಂದು ಬಿಗಿಯಲ್ಲಿ ತಿರುಗಿಸಿದರೂ ಇಂಥ ಓರೆ ಬರಬಹುದು. ಅವುಗಳನ್ನು ಎದುರುಬದುರಾಗಿ, ಟಾರ್ಕ್ ರೆಂಚಿನಿಂದ, ಕಾರಿನ ಕೈಪಿಡಿಯಲ್ಲಿ ಹೇಳಿದ ಅಳತೆಗೆ ಬಿಗಿಯುವುದೇ ಕ್ರಮ.

ಹೊಸ ಡಿಸ್ಕು ಕೆಲವು ತಿಂಗಳು ಚೆನ್ನಾಗಿದ್ದು ಆಮೇಲೆ ನಡುಗಿದ್ದೇಕೆ ಎಂಬ ಒಗಟು ಇದರಿಂದ ಬಿಡಿಸಿತು. ಓರೆ ಮೊದಲ ದಿನದಿಂದಲೇ ಇತ್ತು. ಸವೆತಕ್ಕೆ ಮಾತ್ರ ಕಾಲ ಬೇಕಾಯಿತು. ನಾವು ಕಾರ್ಯವನ್ನು ಕಾರಣವೆಂದು ತಿಳಿದು ಎರಡು ಸಲ ಹಣ ತೆತ್ತಿದ್ದೆವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ!

ಮತ್ತೊಬ್ಬ ಮೇಸ್ತ್ರಿ ತಂತಿಯ ಬ್ರಷ್ಷಿನಿಂದ ಹಬ್ಬನ್ನು ಉಜ್ಜಿ, ಡಿಸ್ಕುಗಳನ್ನು ಲೇತಿನಲ್ಲಿ ಸಮಮಾಡಿಸಿ, ಗೇಜು ಹಿಡಿದು ನೋಡಿ ಕೂರಿಸಿದರು. ಡಿಸ್ಕಿನ ಮೇಲೆ ಬರೆದಿರುವ ಕನಿಷ್ಠ ದಪ್ಪಕ್ಕಿಂತ ತೆಳುವಾಗಿದ್ದರೆ ಹೀಗೆ ಸಮಮಾಡಿಸಲಾಗದು; ನಮ್ಮವು ಹೊಸವಾದ್ದರಿಂದ ಉಳಿದುವು. ಅಂದಿನಿಂದ ಇಂದಿನವರೆಗೆ ನಡುಕ ಮರಳಿಲ್ಲ.

ಸ್ವಂತ ಕಾರಿಲ್ಲದ ನನ್ನ ಸಹಪಾಠಿಗಳು ‘ಇದರಿಂದ ನಮಗೇನು?’ ಎನ್ನಬಹುದು. ಬಾಡಿಗೆ ಕಾರಿನಲ್ಲಿ ಎಂದಾದರೂ ಕೂರುವವರು ನಾವೆಲ್ಲರೂ. ಬ್ರೇಕು ಒತ್ತಿದಾಗ ನಡುಕ ಕಂಡರೆ ಚಾಲಕರಿಗೆ ಒಂದು ಮಾತು ಹೇಳಿ; ಅವರು ಅದಕ್ಕೆ ಒಗ್ಗಿಹೋಗಿರಬಹುದು. ಅವರು ಗ್ಯಾರೇಜಿಗೆ ಹೊರಟರೆ ಇನ್ನೊಂದು ಮಾತನ್ನೂ ಸೇರಿಸಿ: “ಹೊಸ ಡಿಸ್ಕು ಹಾಕುವ ಮುನ್ನ ಹಬ್ಬನ್ನು ಉಜ್ಜಿಸಿ ನೋಡಿ.”