ಮಣ್ಣು ತೆಗೆದರೆ ರಸ್ತೆ ತೆರೆದಂತೆಯೇ? ನೀಲಗಿರಿ ಘಾಟಿಗಳ ಬಗ್ಗೆ ನಾಲ್ಕು ತಪ್ಪು ಕಲ್ಪನೆಗಳು

ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದಾಗಲೆಲ್ಲ ನೀಲಗಿರಿಯಿಂದ ಬರುವ ಸುದ್ದಿ ಹೆಚ್ಚುಕಡಿಮೆ ಒಂದೇ: ಕೂನೂರು ಘಾಟಿಯಲ್ಲಿ ಧರೆ ಕುಸಿದಿದೆ, ಕೋಟಗಿರಿ ರಸ್ತೆಗೆ ಮರ ಉರುಳಿದೆ, ಸಂಚಾರ ಬಂದ್. ಮರುದಿನ ಇನ್ನೊಂದು ಸುದ್ದಿ: ತೆರವು ಮುಗಿಯಿತು, ವಾಹನಗಳು ಓಡಾಡುತ್ತಿವೆ. ಈ ಎರಡು ಸುದ್ದಿಗಳ ನಡುವೆ ರಸ್ತೆ ಕೆಲಸಗಾರರು ಏನು ಮಾಡುತ್ತಾರೆ ಎಂಬುದು ಮೈಸೂರು, ಗುಂಡ್ಲುಪೇಟೆ ಕಡೆಯಿಂದ ಊಟಿಗೆ ಹೊರಟವರಿಗೆ ಕಾಣುವುದಿಲ್ಲ. ಹಾಗಾಗಿ ಆ ಕೆಲಸವೆಂದರೆ ಬಿದ್ದದ್ದನ್ನು ಬದಿಗೆ ತಳ್ಳುವುದು ಎಂದೇ ನಂಬಿದ್ದೇವೆ. ವಾಸ್ತವದಲ್ಲಿ ಅದು ನೀರಿಗೆ ದಾರಿ ಮಾಡಿಕೊಡುವ ಕೆಲಸ. ಮಣ್ಣು, ಕಲ್ಲು, ಮರ ಎಲ್ಲವೂ ನೀರು ದಾರಿ ತಪ್ಪಿದ್ದರ ಪರಿಣಾಮ.

ತಪ್ಪು ಕಲ್ಪನೆ: ಮಳೆಗಾಲ ಸೆಪ್ಟೆಂಬರಿಗೆ ಮುಗಿಯುತ್ತದೆ, ಚಳಿಗಾಲದಲ್ಲಿ ಘಾಟಿ ರಸ್ತೆಗೆ ಭಯವಿಲ್ಲ.

ಸತ್ಯ: ಕರ್ನಾಟಕದವರ ಲೆಕ್ಕ ಮುಂಗಾರಿನದು. ಆ ಲೆಕ್ಕ ಜಿಲ್ಲೆಯ ಅರ್ಧಕ್ಕೆ ಮಾತ್ರ ಹೊಂದುತ್ತದೆ. ಪಶ್ಚಿಮಕ್ಕೆ ಮುಖ ಮಾಡಿರುವ ಗೂಡಲೂರು, ದೇವಾಲ, ನಡುವಟ್ಟಂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆನೆಯುತ್ತವೆ. ಪೂರ್ವಕ್ಕೆ ಮುಖ ಮಾಡಿರುವ ಕೂನೂರು, ಕೋಟಗಿರಿ ಇಳಿಜಾರುಗಳಿಗೆ ನಿಜವಾದ ಮಳೆ ಬರುವುದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಹಿಂಗಾರಿನಲ್ಲಿ. ಮಳೆಯ ನೆರಳಿನಲ್ಲಿರುವ ಮಸಿನಗುಡಿಯಲ್ಲಿ ಬಿಸಿಲಿದೆ ಎಂಬ ಕಾರಣಕ್ಕೆ ಬೆಟ್ಟದ ಆಚೆ ಬದಿಯೂ ಒಣಗಿದೆ ಎಂದುಕೊಳ್ಳುವಂತಿಲ್ಲ. ಜಿಲ್ಲೆಯ ದೊಡ್ಡ ದುರಂತಗಳ ತಿಂಗಳು ನೋಡಿ: 1978ರ ನವೆಂಬರ್; ಕೂನೂರು–ಮೇಟ್ಟುಪಾಳ್ಯಂ ರಸ್ತೆಯ ಮರಪ್ಪಾಲಂ ಕುಸಿತ 1993ರ ನವೆಂಬರ್; 40ಕ್ಕೂ ಹೆಚ್ಚು ಜನ ಸತ್ತ ಕುಸಿತಗಳ ಸರಣಿ 2009ರ ನವೆಂಬರ್. ಆ ವರ್ಷ ನವೆಂಬರ್ 10ರಂದು ಕೇತಿಯಲ್ಲಿ 24 ಗಂಟೆಗಳಲ್ಲಿ 820 ಮಿ.ಮೀ. ಮಳೆ ದಾಖಲಾಯಿತು. ಮೈಸೂರಿಗೆ ಇಡೀ ವರ್ಷದಲ್ಲಿ ಬೀಳುವುದೂ ಸುಮಾರು ಅಷ್ಟೇ. ಮುಂಗಾರು ನಿರಪಾಯಕಾರಿ ಎಂದೇನೂ ಇದರ ಅರ್ಥವಲ್ಲ. 2019ರ ಆಗಸ್ಟ್‌ನಲ್ಲಿ ಅವಲಾಂಚಿಯ ಮೇಲೆ ಸುರಿದ ಮಳೆ ಕೇತಿಯ ಆ ದಾಖಲೆಯನ್ನೂ ಮೀರಿಸಿತು. ಜಿಲ್ಲೆಗೆ ಎರಡು ಮಳೆಗಾಲಗಳಿವೆ, ರಸ್ತೆ ಕೆಲಸಗಾರರಿಗೂ ಅಷ್ಟೇ.

ತಪ್ಪು ಕಲ್ಪನೆ: ಮಳೆ ನಿಂತ ಮೇಲೆ ಅಪಾಯ ಮುಗಿಯಿತು, ಮಣ್ಣು ತೆಗೆದ ಕೂಡಲೇ ವಾಹನ ಬಿಡಬಹುದು.

ಸತ್ಯ: ನೀಲಗಿರಿಯ ತಳದಲ್ಲಿರುವುದು ಗಟ್ಟಿಯಾದ ಚಾರ್ನೊಕೈಟ್ ಶಿಲೆ. ಅದರ ಮೇಲೆ ಯುಗಗಳಿಂದ ಶಿಥಿಲಗೊಂಡ ಮಣ್ಣಿನ ದಪ್ಪ ಹೊದಿಕೆಯಿದೆ. ಮಳೆನೀರು ಈ ಮಣ್ಣಿಗೆ ಇಂಗಿ ಕಣಗಳ ನಡುವಿನ ನೀರಿನ ಒತ್ತಡ ಹೆಚ್ಚಿಸಿದಾಗ ಅವುಗಳ ಹಿಡಿತ ಸಡಿಲವಾಗುತ್ತದೆ. ನೀರು ಆಳಕ್ಕೆ ಇಳಿಯಲು ಹೊತ್ತು ಬೇಕು. ಆದ್ದರಿಂದ ಆಕಾಶ ತಿಳಿಯಾದ ಎಷ್ಟೋ ಗಂಟೆಗಳ ಬಳಿಕ, ಕೆಲವೊಮ್ಮೆ ದಿನಗಳ ಬಳಿಕವೂ ಇಳಿಜಾರು ಜಾರಬಹುದು. ಇನ್ನೊಂದು ತೊಡಕೂ ಇದೆ. ಕುಸಿದು ಬಂದ ಮಣ್ಣು ರಸ್ತೆಗೆ ಅಡ್ಡಿಯಾದರೂ ಮೇಲಿನ ಸಡಿಲ ಮಣ್ಣಿಗೆ ಅದೇ ಆಸರೆ. ಬುಡದಿಂದ ಅವಸರದಲ್ಲಿ ಬಾಚಿದರೆ ಮೇಲಿನದು ಇಳಿದು ಬರುತ್ತದೆ. ಅದಕ್ಕೇ ಅನುಭವಸ್ಥರು ಮೊದಲು ಮೇಲಿನ ಬಿರುಕು ನೋಡುತ್ತಾರೆ, ಹೊಸ ಒರತೆ ಚಿಮ್ಮುತ್ತಿದೆಯೇ, ನೀರು ಕೆಂಪಾಗಿದೆಯೇ ಎಂದು ಗಮನಿಸುತ್ತಾರೆ, ಒಬ್ಬರನ್ನು ಕಾವಲಿಗೆ ನಿಲ್ಲಿಸಿ ಒಂದು ಬದಿಯನ್ನಷ್ಟೇ ಬಿಡಿಸುತ್ತಾರೆ. ತರಕಾರಿ ಲಾರಿ ನಿಂತರೆ ಕ್ಯಾರೆಟ್ ಕೊಳೆಯುತ್ತದೆ, ಕೊಯಮತ್ತೂರಿನ ಆಸ್ಪತ್ರೆಗೆ ಹೊರಟ ರೋಗಿಯ ಗತಿಯೇನು ಎಂಬ ಆಕ್ಷೇಪ ನ್ಯಾಯವಾದದ್ದೇ. ಅದಕ್ಕೆ ಉತ್ತರ ಒಂದೇ ಘಾಟಿಯನ್ನು ದುಡುಕಿ ತೆರೆಯುವುದಲ್ಲ, ಪರ್ಯಾಯ ಘಾಟಿಯನ್ನು ಸುಸ್ಥಿತಿಯಲ್ಲಿ ಇಡುವುದು. ಕೂನೂರು ರಸ್ತೆ ಮುಚ್ಚಿದಾಗ ಕೋಟಗಿರಿಯ ಮೂಲಕ ವಾಹನಗಳು ಇಳಿಯುವುದರಿಂದಲೇ ಜಿಲ್ಲೆ ಉಸಿರಾಡುತ್ತದೆ.

ತಪ್ಪು ಕಲ್ಪನೆ: ಈಗ ಜೆಸಿಬಿ ಇದೆ, ಸಲಿಕೆ ಹಿಡಿದ ಗ್ಯಾಂಗ್ ಕೆಲಸಗಾರರು ಬೇಕಿಲ್ಲ.

ಸತ್ಯ: ರಾಶಿ ಮಣ್ಣು ಎತ್ತಲು ಯಂತ್ರಕ್ಕೆ ಸಾಟಿಯಿಲ್ಲ. ಆದರೆ ಮೋರಿಯ ಕೊಳವೆಯೊಳಗೆ ಸಿಕ್ಕಿಕೊಂಡ ಕೊಂಬೆ, ಕಲ್ಲು, ಪ್ಲಾಸ್ಟಿಕ್ ಬಾಟಲಿಗಳನ್ನು ಅದು ಬಿಡಿಸಲಾರದು. ಆ ಮೋರಿ ಕಟ್ಟಿಕೊಂಡರೆ ಬೆಟ್ಟದ ನೀರು ರಸ್ತೆಯ ಮೇಲೆ ಹರಿದು ಹೊರ ಅಂಚನ್ನು ಕೊರೆಯುತ್ತದೆ, ಕೆಳಗಿನ ತಡೆಗೋಡೆಯ ಹಿಂದೆ ತುಂಬಿ ಅದನ್ನು ಹೊರಕ್ಕೆ ತಳ್ಳುತ್ತದೆ. ಮೇಲೆ ಕುಸಿದದ್ದು ಕಣ್ಣಿಗೆ ಬೀಳುತ್ತದೆ, ಕೆಳಗೆ ಟೊಳ್ಳಾದದ್ದು ಬೀಳುವುದಿಲ್ಲ. ಬಸ್ಸಿಗೆ ಹೆಚ್ಚು ಅಪಾಯ ಎರಡನೆಯದರಿಂದ. ಚರಂಡಿ ಕೆರೆದು, ಮೋರಿ ಬಿಡಿಸಿ, ರಸ್ತೆಯುದ್ದಕ್ಕೂ ನಡೆದು ನೋಡುವವರು ಈ ಗ್ಯಾಂಗ್‌ನವರೇ. ಅವರ ಕೆಲಸಕ್ಕೆ ಸರ್ಕಾರಗಳು ಕೊಟ್ಟ ಬೆಲೆಗೆ ಚರಿತ್ರೆಯಲ್ಲೇ ಸಾಕ್ಷಿಯಿದೆ: 2002ರಲ್ಲಿ ತಮಿಳುನಾಡು ಸರ್ಕಾರ ಹೆದ್ದಾರಿ ಇಲಾಖೆಯ ಸುಮಾರು 10,000 ರಸ್ತೆ ಕೆಲಸಗಾರರನ್ನು ಒಮ್ಮೆಗೇ ಕೆಲಸದಿಂದ ತೆಗೆಯಿತು, ಅವರು ಮರಳಿ ಸೇರಿದ್ದು 2006ರಲ್ಲಿ. 820 ಮಿ.ಮೀ. ಸುರಿದ ದಿನ ಚರಂಡಿ ಏನು ಮಾಡೀತು ಎಂದು ಕೇಳಬಹುದು. ಅಂಥ ಮಳೆಯನ್ನು ಯಾವ ಚರಂಡಿಯೂ ಹೊರಲಾರದು, ನಿಜ. ಆದರೆ ವರ್ಷವರ್ಷವೂ ರಸ್ತೆ ಕಟ್ಟುವುದು ದಾಖಲೆ ಮಳೆಯಲ್ಲ, ಸಾಧಾರಣ ಬಿರುಮಳೆ. ಅದರ ಮುಂದೆ ತೆರೆದ ಮೋರಿಗೂ ಮುಚ್ಚಿದ ಮೋರಿಗೂ ಇರುವ ವ್ಯತ್ಯಾಸ ದೊಡ್ಡದು.

ತಪ್ಪು ಕಲ್ಪನೆ: ರಸ್ತೆಬದಿಯ ಮರಗಳೇ ಸಮಸ್ಯೆ, ಎಲ್ಲವನ್ನೂ ಕಡಿದರೆ ನೆಮ್ಮದಿ.

ಸತ್ಯ: ಬೇರು ಸಡಿಲವಾಗಿ ರಸ್ತೆಯತ್ತ ಬಾಗಿದ ನೀಲಗಿರಿ ಮರವನ್ನೋ ಸಿಲ್ವರ್ ಓಕನ್ನೋ ತೆಗೆಯಲೇಬೇಕು. ಆದರೆ ಮರ ಉರುಳಲು ಗಾಳಿಯೊಂದೇ ಕಾರಣವಲ್ಲ. ರಸ್ತೆ ಅಗಲಿಸಲು ಧರೆಯನ್ನು ನೆಟ್ಟಗೆ ಕಡಿದಾಗ ಒಂದು ಬದಿಯ ಬೇರುಗಳೂ ತುಂಡಾಗುತ್ತವೆ. ಎಲ್ಲವನ್ನೂ ಕಡಿದರೆ ಬೇರುಗಳು ಕೆಲವೇ ವರ್ಷಗಳಲ್ಲಿ ಕೊಳೆತು ಮೇಲ್ಪದರದ ಹಿಡಿತ ಹೋಗುತ್ತದೆ. ಆಳದ ಕುಸಿತವನ್ನು ಬೇರು ತಡೆಯಲಾರದು ಎನ್ನುವುದು ಸರಿ. ಆದರೆ ಘಾಟಿಯಲ್ಲಿ ಪದೇಪದೇ ಆಗುವ ಮೇಲ್ಪದರದ ಕುಸಿತವನ್ನು ಅದು ತಡೆಯುತ್ತದೆ. ಬೆಟ್ಟಪ್ರದೇಶದ ಮರಗಳ ರಕ್ಷಣೆಗೆಂದು ಅಂದಿನ ಮದ್ರಾಸ್ ರಾಜ್ಯ 1955ರಲ್ಲೇ ಕಾಯ್ದೆ ಮಾಡಿದ್ದು ಸುಮ್ಮನಲ್ಲ. 2024ರ ಜುಲೈ 16ರಂದು ನಮ್ಮ ಉತ್ತರ ಕನ್ನಡದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಬೆಟ್ಟವೇ ಜಾರಿದಾಗಲೂ ಪ್ರಶ್ನೆ ಎದ್ದದ್ದು ಧರೆಯನ್ನು ಕಡಿದ ರೀತಿಯ ಬಗ್ಗೆ. ಈಚೆಗೆ ನೀಲಗಿರಿಯ ಹೆದ್ದಾರಿಗಳಲ್ಲಿ ಧರೆಗೆ ಉಕ್ಕಿನ ಸರಳು ಹೂಡಿ, ಮೇಲೆ ಹುಲ್ಲು ಬೆಳೆಸುವ ವಿಧಾನ ಬಂದಿದೆ. ಅಲ್ಲಿಯೂ ಒಳಗಿನ ನೀರು ಹೊರಬರಲು ದಾರಿ ಇಲ್ಲದಿದ್ದರೆ ಸರಳು ನಿಲ್ಲದು.

ಜಿಲ್ಲಾಡಳಿತ ಅಪಾಯಕಾರಿ ಎಂದು ಗುರುತಿಸಿರುವ ತಾಣಗಳು 283. ಅಷ್ಟೂ ಕಡೆ ಬಿರುಮಳೆಯ ರಾತ್ರಿ ಯಂತ್ರ ನಿಲ್ಲಿಸುವುದು ಆಗದ ಮಾತು. ಅಷ್ಟೂ ಕಡೆ ಮಳೆಗೆ ಮುಂಚೆ ಮೋರಿ ಬಿಡಿಸುವುದು ಆಗುವ ಮಾತು. ಎಷ್ಟು ಗಂಟೆಯಲ್ಲಿ ರಸ್ತೆ ತೆರೆದರು ಎಂಬುದರಿಂದಲ್ಲ, ಸೆಪ್ಟೆಂಬರಿನಲ್ಲಿ ಎಷ್ಟು ಚರಂಡಿ ತೆರೆದಿದ್ದರು ಎಂಬುದರಿಂದ ಇಲಾಖೆಯನ್ನು ಅಳೆಯಬೇಕು. ಊಟಿಗೆ ಹೊರಡುವ ನಾವು ಮಾಡಬಹುದಾದದ್ದೂ ಇದೆ: ಬಾಟಲಿಯನ್ನು ಚರಂಡಿಗೆ ಎಸೆಯದಿರೋಣ. ಬಿಸಿಲು ಬಿದ್ದ ಮೇಲೂ ಕೆಂಪು ಬಾವುಟ ಹಿಡಿದವರು ತಡೆದರೆ ಹಾರ್ನ್ ಒತ್ತದೆ ಕಾಯೋಣ.